ನೂರಾನಾಲ್ಕರ ಬಾಗಿಲಲ್ಲಿ

ಶೋಗೊನ ಎರಡೂ ಕೈ ತೌಡಿನ ಭರಣಿಯೊಳಗಿದ್ದಾಗ ಕರೆಗಂಟೆ ಸದ್ದಾಯಿತು. ತೌಡನ್ನು ತಳದಿಂದ ಮೇಲಕ್ಕೆ ತಿರುವುವ ಕೆಲಸವನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ. ಬೇಸಿಗೆಯಲ್ಲಿ ಒಂದು ದಿನ ಮೈಮರೆತರೆ ಹುಳಿ ಏರಿ, ಒದ್ದೆ ಬೂಟಿನ ವಾಸನೆ ಹಿಡಿದುಬಿಡುತ್ತದೆ. ಈ ಭರಣಿ ಹೆಂಡತಿ ನೊಬುಯೆಯ ಅಜ್ಜಿಯ ಕಾಲದ್ದು. ಇದರಲ್ಲಿ ಹುದುಗಿಸಿದ ಸೌತೆಕಾಯಿ, ಬದನೆಕಾಯಿ ತಿನ್ನದೆ ನೊಬುಯೆ ಬೆಳಿಗ್ಗೆ ಬಸ್ಸಿನ ಸ್ಟೀರಿಂಗು ಮುಟ್ಟುತ್ತಿರಲಿಲ್ಲ.

ಎರಡನೇ ಸಲ ಗಂಟೆ ಸದ್ದಾದಾಗ ಅವನು ಮೊಣಕೈಯಿಂದಲೇ ಬಾಗಿಲ ಹಿಡಿ ಒತ್ತಿದ. ಹೊರಗೆ ನಿವಾಸಿಗಳ ಸಂಘದ ಅಧ್ಯಕ್ಷೆ ಹಿರೊವತಾರಿ ನಿಂತಿದ್ದಳು. ಪಕ್ಕದಲ್ಲಿ ಕಾರ್ಯದರ್ಶಿ ತೊಮಿಯಾಸು, ಶಾಲೆಯ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಶೋಗೊ ದಂಪತಿ ಈ ಕಟ್ಟಡಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಇವರಿಬ್ಬರೂ ಶೋಗೊನಿಗೆ ಒಮ್ಮೆಯೂ ನಮಸ್ಕಾರ ಹೇಳಿದ್ದಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಒತ್ತಿಕೊಂಡು, ಕೈಯಲ್ಲಿದ್ದ ಚೀಲವನ್ನು ಎದೆಗವಚಿಕೊಂಡು ದಾಟುತ್ತಿದ್ದರು. ಇವತ್ತು ಅವಳ ಕೈಯಲ್ಲಿ ರೇಷ್ಮೆ ಬಟ್ಟೆ ಸುತ್ತಿದ ಸಿಹಿಯ ಪೊಟ್ಟಣವಿತ್ತು.

ಇಬ್ಬರ ಕಣ್ಣೂ ಒಟ್ಟಿಗೆ ಅವನ ಎಡಗೈಗೆ ಇಳಿದವು. ಕಿರುಬೆರಳು ಮೊದಲ ಗೆಣ್ಣಿನಲ್ಲೇ ಮುಗಿದಿತ್ತು; ಗ್ಯಾಂಗಿನಲ್ಲಿದ್ದಾಗ ತಪ್ಪಿಗೆ ದಂಡವಾಗಿ ಅವನೇ ಕಡಿದುಕೊಟ್ಟದ್ದು. ಆ ಮೋಟಿನ ತುದಿಗೆ ತೌಡು ಮೆತ್ತಿಕೊಂಡಿತ್ತು.

"ಅಯ್ಯೋ, ಕೆಲಸದ ಮಧ್ಯೆ ತೊಂದರೆ ಕೊಟ್ವಾ? ತೌಡು ತಿರುವ್ತಾ ಇದ್ರಾ? ಈಗಿನ ಕಾಲದ ಹೆಣ್ಣುಮಕ್ಕಳಿಗೇ ಇದು ಬರಲ್ಲ. ಎಂಥ ಗಂಡ ಸಿಕ್ಕಿದ್ದಾನೆ ನೋಡಿ ನೊಬುಯೆಯವರಿಗೆ!" ಎಂದಳು ಹಿರೊವತಾರಿ. ಮೂಗಿನ ಹೊಳ್ಳೆಗಳು ಮಾತ್ರ ಮುದುಡಿಕೊಂಡಿದ್ದವು.

ಶೋಗೊ ಕೈ ತೊಳೆದು ಬಂದು, ಬಾರ್ಲಿ ಚಹಾ ಬಗ್ಗಿಸಿಟ್ಟ. ಅವರು ಚಹಾ ಮುಟ್ಟಲಿಲ್ಲ.

ವಿಷಯ ನೂರಾನಾಲ್ಕನೇ ಮನೆಯದು. ನೆಲಮಹಡಿಯ ಉರಾನಿಶಿ ಅಜ್ಜಿ ಒಂಟಿ. ಎಪ್ಪತ್ತೆಂಟು ವರ್ಷ. ಗಂಡ ಸತ್ತಮೇಲೆ ಬೀದಿಯಲ್ಲಿ ಕಂಡದ್ದನ್ನೆಲ್ಲ ಮನೆಗೆ ತಂದು ತುಂಬಿಕೊಳ್ಳುತ್ತಿದ್ದಳು: ಮುರಿದ ಛತ್ರಿ, ಹಳೇ ಪೇಪರು, ಮೀನಂಗಡಿಯ ಥರ್ಮಾಕೋಲ್ ಪೆಟ್ಟಿಗೆ, ಯಾರದೋ ಫ್ಯಾನು. ಈ ಬೇಸಿಗೆಯಲ್ಲಿ ವಾಸನೆ ಮೂರನೇ ಮಹಡಿಗೂ ಹತ್ತಿತ್ತು. ನೊಣ ಅಂದರೆ ನೊಣ.

"ನಗರಸಭೆಯೋರು ಬಂದು ನೋಡಿ ಹೋದ್ರು. ಅವಳು ಒಪ್ಪದೆ ಕೈ ಹಾಕೋಕಾಗಲ್ವಂತೆ," ಎಂದ ತೊಮಿಯಾಸು. "ನಾವು ಹೇಳಿದ್ದಾಯ್ತು. ಚೀಟಿ ಅಂಟಿಸಿದ್ದಾಯ್ತು. ಮನುಷ್ಯರ ಮಾತು ತಿಳಿಯೋ ಹೆಂಗಸಲ್ಲ ಅದು."

"ಅದಕ್ಕೇ, ನೀವೊಂದು ಮಾತು ಹೇಳಿದ್ರೆ..." ಎಂದಳು ಹಿರೊವತಾರಿ.

"ನಾನೇನು ಹೇಳ್ಲಿ?"

"ಹೇಳೋದೂ ಬೇಡ. ಸುಮ್ನೆ ಬಾಗಿಲಲ್ಲಿ ನಿಂತ್ಕೊಳ್ಳಿ ಸಾಕು. ಸೆಕೆ ನೋಡಿ, ಅಂಗಿಯ ತೋಳು ಸ್ವಲ್ಪ ಮಡಚಿಕೊಂಡು..."

ಮುಖ್ಯೋಪಾಧ್ಯಾಯ ಕೆಮ್ಮಿದ. ಜುಲೈ ತಿಂಗಳಲ್ಲೂ ಶೋಗೊ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಅಂಗಿ ತೊಡುವುದು ಯಾವ ಹಚ್ಚೆ ಮುಚ್ಚಲೆಂದು ಈ ಮೂರು ಮಹಡಿಗಳಲ್ಲಿ ತಿಳಿಯದವರಿರಲಿಲ್ಲ.

"ನಾನು ಆ ಕೆಲಸ ಬಿಟ್ಟು ಆರು ವರ್ಷ ಆಯ್ತು," ಎಂದ ಶೋಗೊ.

"ಗೊತ್ತು, ಗೊತ್ತು. ಅದಕ್ಕೇ ತಾನೆ ನಿಮ್ಮ ಹೆಸರು ಈ ಮನೆಗೆ ಸೇರಿಸುವಾಗ ನಾನು ಬಾಯಿ ಬಿಡದೇ ಇದ್ದದ್ದು! ಬೇರೆಯವರಾಗಿದ್ರೆ ಇಂಥೋರಿಗೆ ಮನೆ ಬೇಡ ಅಂತ ವಸತಿ ಕಚೇರಿಗೆ ಒಂದು ಅರ್ಜಿ ಹಾಕ್ತಿದ್ರು." ಹಿರೊವತಾರಿ ಪೊಟ್ಟಣವನ್ನು ಎರಡೂ ಕೈಯಿಂದ ಅವನ ಮುಂದೆ ಸರಿಸಿದಳು. "ನೊಬುಯೆಯವರಿಗೆ ಬೆನ್ನುನೋವು ಹೇಗಿದೆ? ಪಾಪ, ಇಲ್ಲಿಂದಾದ್ರೆ ಡಿಪೋ ನಾಲ್ಕು ಹೆಜ್ಜೆ. ಈ ವಯಸ್ಸಲ್ಲಿ ಇನ್ನೊಂದು ಮನೆ ಹುಡುಕೋದು ಅಂದ್ರೆ ಸುಮ್ನೇನಾ?"

ಅವರು ಹೋದಮೇಲೆ ಶೋಗೊ ಪೊಟ್ಟಣವನ್ನೇ ನೋಡುತ್ತ ಕೂತ. ಇದು ಅವನಿಗೆ ಗೊತ್ತಿಲ್ಲದ ವಿದ್ಯೆಯೇ? ಮೊದಲು ಉಡುಗೊರೆ. ಆಮೇಲೆ ಉಪಕಾರದ ನೆನಪು. ಕೊನೆಗೆ ಮನೆಯವರ ಆರೋಗ್ಯ. ಇಪ್ಪತ್ತೆರಡು ವರ್ಷ ಅವನು ಮಾಡಿದ್ದು ಇದನ್ನೇ, ಇದೇ ಕ್ರಮದಲ್ಲಿ. ಹೆಂಗಸು ಯಾರಿಂದಲೂ ಕಲಿಯದೆ ತಾನಾಗಿಯೇ ಮಾಡಿ ಮುಗಿಸಿ, ಬಾಗಿಲಲ್ಲಿ ಚಪ್ಪಲಿಯನ್ನೂ ನೇರ ಮಾಡಿಟ್ಟು ಹೋಗಿದ್ದಳು.

ಸಂಜೆ ಆರಕ್ಕೆ ನೊಬುಯೆ ಬಂದಳು. ಸಮವಸ್ತ್ರದ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಶೋಗೊ ತೌಡಿನಲ್ಲಿ ಬೇಯಿಸಿದ ಬೂತಾಯಿ ಮೀನು, ಅನ್ನ, ಸಾರು ಬಡಿಸಿ ಎದುರು ಕೂತ. ಜೈಲಿನಿಂದ ಬಿಟ್ಟ ದಿನ ಅವಳ ಬಸ್ಸಿನಲ್ಲಿ ಕೊನೇ ನಿಲ್ದಾಣ ಬಂದರೂ ಇಳಿಯದೆ ಕೂತಿದ್ದವನ ಕೈಗೆ, "ಇಳಿಯೋಲ್ಲ ಅಂದ್ರೆ ಬಸ್ಸಾದ್ರೂ ತೊಳೀರಿ" ಎಂದು ನೆಲ ಒರೆಸುವ ಕೋಲು ಕೊಟ್ಟವಳು ಅವಳು. ಅವನ ಹೆಸರಿನಲ್ಲಿ ಯಾವ ಬ್ಯಾಂಕೂ ಖಾತೆ ತೆರೆಯದಿದ್ದಾಗ, ಯಾವ ಅಂಗಡಿಯವನೂ ಕೆಲಸ ಕೊಡದಿದ್ದಾಗ, "ಹಾಗಾದ್ರೆ ಮನೆ ನೋಡ್ಕೊಳ್ಳಿ. ನಾನು ದುಡೀತೀನಿ. ನನಗೆ ಅಡಿಗೆ ಕಂಡ್ರೆ ಆಗಲ್ಲ" ಎಂದವಳೂ ಅವಳೇ.

"ಹೋಗ್ರಿ, ಒಂದು ಮಾತು ಹೇಳಿ ಬನ್ನಿ," ಎಂದಳು ಮುಳ್ಳು ಬಿಡಿಸುತ್ತ. "ನನಗೂ ಸಾಕಾಗಿದೆ ಆ ನಾತ. ನಿನ್ನೆ ಗಾಡಿ ಓಡಿಸ್ತಾ ಇದ್ರೂ ಮೂಗಲ್ಲಿ ಅದೇ."

"ನಾನು ಮಾತಾಡೋದು ನೀನು ಕೇಳಿಲ್ಲ."

"ದಿನಾ ಕೇಳ್ತಿದೀನಲ್ಲ."

"ಇದಲ್ಲ."

ನೊಬುಯೆ ಅನ್ನದ ಬಟ್ಟಲು ಕೆಳಗಿಟ್ಟು ಅವನ ಮುಖ ನೋಡಿದಳು. "ಪಕ್ಕದ ಮನೆಯೋರ ಹಾಗೆ ಮಾತಾಡಿ. ಸಾಮಾನು ಎತ್ತೋಕೆ ನಾನು ಕೈ ಹಾಕ್ತೀನಿ ಅನ್ನಿ. ನಿಮ್ಮಷ್ಟು ಚೆನ್ನಾಗಿ ಬಚ್ಚಲು ತೊಳೆಯೋರು ಈ ಮೋಜಿ ಊರಲ್ಲೇ ಇಲ್ಲ."

ಅವನಿಗೆ ಆ ಮಾತು ಹಿಡಿಸಿತು. ಮರುದಿನ ಬೆಳಿಗ್ಗೆ ಏಪ್ರನ್ ಕಟ್ಟಿ, ರಬ್ಬರಿನ ಕೈಗವಸು ತೊಟ್ಟು, ಬಕೆಟ್ಟು, ಬ್ಲೀಚಿಂಗಿನ ಬಾಟಲಿ, ನಗರಸಭೆಯ ಹಳದಿ ಕಸದ ಚೀಲಗಳ ಒಂದು ಕಟ್ಟು ಹಿಡಿದುಕೊಂಡು ಕೆಳಗಿಳಿದ. ಮೆಟ್ಟಿಲ ತಿರುವಿನಲ್ಲಿ ಹಿರೊವತಾರಿಯೂ ತೊಮಿಯಾಸುವೂ ಮೊದಲೇ ಬಂದು ನಿಂತಿದ್ದರು. ಇನ್ನೂ ಇಬ್ಬರು ಹೆಂಗಸರು ಬೀಸಣಿಗೆ ಹಿಡಿದು ಕಂಬಿಗೆ ಒರಗಿದ್ದರು. ಬಯಲಾಟ ನೋಡಲು ಬಂದವರ ಹಾಗೆ.

"ನೀವು ಹೋಗಿ," ಎಂದ ಶೋಗೊ.

"ನಾವು ಸದ್ದು ಮಾಡಲ್ಲ," ಎಂದಳು ಹಿರೊವತಾರಿ ಪಿಸುಮಾತಿನಲ್ಲಿ.

ನೂರಾನಾಲ್ಕರ ಬಾಗಿಲು ಅಂಗೈಯಗಲ ತೆರೆಯಿತು. ಒಳಗಿನ ಗಾಳಿ ಹೊರಬಂದದ್ದೇ ಅವನು ಮುಖ ಪಕ್ಕಕ್ಕೆ ತಿರುಗಿಸಿದ. ಕೊಳೆತ ಮೀನು, ಬೆಕ್ಕಿನ ಉಚ್ಚೆ, ಬೂಷ್ಟು ಹಿಡಿದ ಚಾಪೆ. ಅದೆಲ್ಲದರ ಅಡಿಯಲ್ಲಿ ಮುದುಕಿಯ ಮೈಯ ಹುಳಿವಾಸನೆ. ಪೇಪರಿನ ಗೋಡೆಗಳ ನಡುವೆ ಅವಳೊಬ್ಬಳು ಓರೆಯಾಗಿ ನುಸುಳುವಷ್ಟು ದಾರಿ. ಕಪ್ಪು ಮಸಿಯ ಹಾಗೆ ಏನೋ ನೆಲದಲ್ಲಿ ಹರಡಿತ್ತು; ಅವನು ಬಗ್ಗಿದಾಗ ಅದು ಚದುರಿ ಓಡಿತು.

"ಅಜ್ಜೀ, ನಾನು ಮೂರನೇ ಮಹಡಿಯ ಇವಾಕಿರಿ. ಸೆಕೆಗೆ ಕಷ್ಟ ಆಗ್ತಿರಬೇಕು ನಿಮಗೆ. ಬಾಗಿಲ ಹತ್ರದ್ದು ಒಂದಿಷ್ಟು ತೆಗೆದುಕೊಡ್ಲಾ? ನೀವು ಮುಟ್ಟಬೇಡ ಅಂದದ್ದು ಮುಟ್ಟಲ್ಲ."

"ಓಹೋ, ನೀನಾ! ಹೆಂಡ್ತಿ ಚಡ್ಡಿ ಒಣಹಾಕೋನು!" ಉರಾನಿಶಿ ಅಜ್ಜಿಯ ದನಿ ಆ ಪುಟ್ಟ ಮೈಯನ್ನು ಮೀರಿದ್ದಾಗಿತ್ತು. "ಆ ಬಣ್ಣ ಬಳ್ಕೊಂಡ ಅಧ್ಯಕ್ಷೆ ಕಳಿಸಿದ್ಲಾ? ಹೋಗಿ ಹೇಳು ಅವಳಿಗೆ, ಅವಳ ಗಂಡ ಆಸ್ಪತ್ರೇಲಿ ಬಿದ್ದಿದ್ದಾಗ ಮೂರು ತಿಂಗಳು ಗಂಜಿ ಮಾಡಿ ಕಳಿಸಿದ್ದು ಯಾರೂಂತ ಕೇಳು!"

ಮೆಟ್ಟಿಲ ಕಡೆ ಬೀಸಣಿಗೆಗಳು ನಿಂತವು.

"ಬರೀ ಎರಡು ಚೀಲ, ಅಜ್ಜಿ."

"ಎರಡು ಚೀಲ ಅಂತೆ! ಬೆರಳು ಕಡ್ಕೊಂಡ ಮುಂಡೇಗಂಡ, ನನ್ನ ಮನೆ ಸಾಮಾನು ಲೆಕ್ಕ ಹಾಕ್ತಾನೆ!"

ಅವನಿಗೆ ಸಿಟ್ಟು ಬರಲಿಲ್ಲ, ನಗುವೇ ಬಂತು. ಹೀಗೆ ನೇರಾನೇರ ಬೈದವರು ಈ ಕಟ್ಟಡದಲ್ಲಿ ಇವಳೊಬ್ಬಳೇ. ಅವನು ಬಗ್ಗಿ, ಹೊಸ್ತಿಲಲ್ಲಿದ್ದ ಥರ್ಮಾಕೋಲ್ ಪೆಟ್ಟಿಗೆಗೆ ಕೈ ಹಾಕಿದ. ಅವಳು ಕಿರುಚಿದಳು. ಕಾಲ ಬಳಿಯಿದ್ದ ಬೋಗುಣಿಯನ್ನು ಎತ್ತಿ ಅವನ ಮುಖಕ್ಕೆ ಎರಚಿದಳು.

ಅದರಲ್ಲಿ ಏನಿತ್ತೋ. ಎಷ್ಟು ದಿನದ ನೀರೋ. ಲೋಳೆಯಾಗಿತ್ತು, ಬೆಚ್ಚಗಿತ್ತು. ನಗಲು ತೆರೆದಿದ್ದ ಬಾಯೊಳಕ್ಕೆ ಹೋಯಿತು. ನಾಲಗೆಗೆ ಏನೋ ಮೆತ್ತಗಿನದು ತಾಕಿತು. ಯೋಚನೆ ಬರುವ ಮೊದಲೇ ದನಿ ಬಂದಿತ್ತು.

ಜೋರಾಗಿ ಅಲ್ಲ. ಬೈಯಬಾರದು, ಕ್ಷೇಮ ವಿಚಾರಿಸಬೇಕು ಎಂದು ಗ್ಯಾಂಗಿನಲ್ಲಿ ಅಣ್ಣ ಎನಿಸಿಕೊಂಡವನು ಅವನಿಗೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಕಲಿಸಿದ್ದ.

"ಅಜ್ಜೀ. ಒಬ್ರೇ ಇರೋದಲ್ವಾ ನೀವು? ಚಿಲಕ ಗಟ್ಟಿಯಿದೆಯೋ ಇಲ್ವೋ, ಒಂದ್ಸಲ ನೋಡ್ಕೊಳ್ಳಿ."

ಅಷ್ಟೇ. ಒದ್ದೆ ಅಂಗಿ ಮೈಗಂಟಿ, ತೋಳಿನ ಮೇಲಿನ ಹಚ್ಚೆ, ಹಾವಿನ ಹಸಿರು, ದಾಸವಾಳದಂಥ ಕೆಂಪು, ಎಲ್ಲ ಬಿಳಿಯ ಬಟ್ಟೆಯಡಿಯಿಂದ ತೇಲಿ ಬಂದಿತ್ತು. ಉರಾನಿಶಿ ಅಜ್ಜಿ ಅದನ್ನು ನೋಡಿದಳು. ಅವಳ ಕೈಯಿಂದ ಬೋಗುಣಿ ಜಾರಿತು. ಹೊಸ್ತಿಲಲ್ಲೇ ಕುಸಿದು, ಎರಡೂ ಅಂಗೈ ನೆಲಕ್ಕೂರಿ, ಹಣೆಯನ್ನು ಆ ಹೊಲಸಿಗೇ ಮುಟ್ಟಿಸಿದಳು.

"ತಪ್ಪಾಯ್ತು, ಸ್ವಾಮಿ. ತಪ್ಪಾಯ್ತು. ಎಲ್ಲಾ ತಗೊಂಡೋಗಿ. ಎಲ್ಲಾ."

ಅವಳ ಕೆಳಗಿನಿಂದ ನೀರು ಹರಿದು ಬಂದು ಶೋಗೊನ ಚಪ್ಪಲಿ ತಾಕಿತು. ಅದು ಬೋಗುಣಿಯ ನೀರಲ್ಲವೆಂದು ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು.

ಹಿಂದಿನಿಂದ ತೊಮಿಯಾಸುವಿನ ಉಸಿರು ಕೇಳಿಸಿತು. "ಅಬ್ಬಾ. ಅಸಲಿ ಅಂದ್ರೆ ಅಸಲಿ."

ಶೋಗೊ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ. ಆಮೇಲೆ ಮೇಲೆ ಹೋಗಿ ಬಿಸಿನೀರು, ಒಣ ಟವೆಲು, ನೊಬುಯೆಯ ಒಂದು ಹತ್ತಿಯ ಪ್ಯಾಂಟು ತಂದ. ಅವನು ಹತ್ತಿರ ಬಂದಷ್ಟೂ ಅಜ್ಜಿ ಹಿಂದಕ್ಕೆ ತೆವಳಿದಳು. ಟವೆಲನ್ನು ಕೈಗೆಟಕುವಷ್ಟು ದೂರದಲ್ಲಿಟ್ಟು, ಅವಳಿಗೆ ಬೆನ್ನು ಹಾಕಿ, ಮಂಡಿಯೂರಿ ಹೊಸ್ತಿಲು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ನಾಲ್ಕು ದಿನ ಅವನೊಬ್ಬನೇ ಆ ಮನೆ ಖಾಲಿ ಮಾಡಿದ. ಸಂಘದವರು ಲಾರಿ ತರಿಸಿಕೊಟ್ಟರು, ಒಳಗೆ ಕಾಲಿಡಲಿಲ್ಲ. ನೂರಿಪ್ಪತ್ತು ಚೀಲ ತುಂಬಿತು. ಅಜ್ಜಿ ಅಡುಗೆಮನೆಯ ಮೂಲೆಯಲ್ಲಿ ಕೈ ಕಟ್ಟಿ ನಿಂತೇ ಇರುತ್ತಿದ್ದಳು. ಕೂತುಕೊಳ್ಳಿ ಎಂದರೆ ಥಟ್ಟನೆ ಕೂರುತ್ತಿದ್ದಳು. ಅವನು ಒಂದೊಂದನ್ನೇ ಎತ್ತಿ ಹಿಡಿದು ಕೇಳುತ್ತಿದ್ದ.

"ಇದು ಬೇಕಾ, ಅಜ್ಜಿ?"

"ಬೇಡ, ಸ್ವಾಮಿ."

"ಇದು?"

"ಬೇಡ, ಸ್ವಾಮಿ. ನಿಮಗೆ ಹೇಗೆ ಬೇಕೋ ಹಾಗೆ."

ಅವನು ಗಂಡಸಿನ ಒಂದು ಕನ್ನಡಕ ಎತ್ತಿ ಹಿಡಿದ. ಕಡ್ಡಿ ಮುರಿದಲ್ಲಿ ನೂಲು ಸುತ್ತಿತ್ತು. ಅಜ್ಜಿಯ ಕೈ ಅರ್ಧ ಮುಂದೆ ಬಂದು ಹಿಂದಕ್ಕೆ ಹೋಯಿತು.

"ಬೇಡ, ಸ್ವಾಮಿ," ಎಂದಳು.

ಅವನು ಅದನ್ನು ತೊಳೆದು, ಒರೆಸಿ, ಗಂಡನ ಪಟದ ಮುಂದಿಟ್ಟ. ಅವಳು ಅದಕ್ಕೂ ತಲೆಬಾಗಿ ವಂದಿಸಿದಳು. ಒಂದು ಸಲ ಬೈದುಬಿಡಲಿ, ಬೆರಳು ಕಡಿದುಕೊಂಡ ಮುಂಡೇಗಂಡ ಎನ್ನಲಿ ಎಂದು ಅವನು ಕಾದ. ಬಾಯಿ ತುಂಬ ಬೈಗುಳ ತುಂಬಿಕೊಂಡಿದ್ದ ಹೆಂಗಸನ್ನು ಅವನೇ ಖಾಲಿ ಮಾಡಿ, ಕಟ್ಟಿ, ಲಾರಿಗೆ ಹಾಕಿ ಕಳಿಸಿದ ಹಾಗಿತ್ತು.

ಸುದ್ದಿ ಡಿಪೋದವರೆಗೂ ಹೋಗಿತ್ತು. ನೊಬುಯೆ ಆ ಬಿಳಿ ಅಂಗಿಯನ್ನು ತಾನೇ ಮೂರು ನೀರಲ್ಲಿ ಒಗೆದಳು. "ಏನಂದ್ರಿ ಅಂತ ನನಗೆ ಹೇಳ್ಬೇಡಿ," ಎಂದಳು. ಅವನು ಹೇಳಲಿಲ್ಲ. ಊಟ, ಮಾತು, ಬೆನ್ನಿಗೆ ಮುಲಾಮು, ಎಲ್ಲ ಮೊದಲಿನ ಹಾಗೆಯೇ ನಡೆಯಿತು. ಆದರೆ ಆ ಸಂಜೆ ಅವಳು ಬಚ್ಚಲಿಗೆ ಹೋದಾಗ ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು. ಆರು ವರ್ಷದಲ್ಲಿ ಹಾಕಿಕೊಂಡವಳಲ್ಲ. ಅವಳಿಗೂ ಅದು ಗೊತ್ತಾಗಿರಲಿಲ್ಲವೇನೋ. ಶೋಗೊ ಪಾತ್ರೆ ತಿಕ್ಕುತ್ತಿದ್ದವನು ನಲ್ಲಿ ನಿಲ್ಲಿಸಿ, ಮತ್ತೆ ತಿರುಗಿಸಿದ.

ಭಾನುವಾರ ಕಟ್ಟಡದ ಹಿಂದಿನ ಅಂಗಳದಲ್ಲಿ ಎಲ್ಲರೂ ಸೇರಿ ಹುಲ್ಲು ಕಿತ್ತರು. ಮಧ್ಯಾಹ್ನ ಕೆಂಡದ ಮೇಲೆ ಕೋಳಿ, ಜೋಳ, ಹಸಿಮೆಣಸು ಸುಟ್ಟರು. ಗಂಡಹೆಂಡತಿಗೆ ಮೊದಲ ಸಲ ಕರೆ ಬಂದಿತ್ತು. ನೆರಳಿನ ಜಾಗ ಕೊಟ್ಟು ಕೂರಿಸಿದರು. ಯಾರೋ ಬಿಯರು ಬಗ್ಗಿಸಿದರು, ಯಾರೋ ಕಲ್ಲಂಗಡಿ ಹೋಳು ತಂದಿಟ್ಟರು.

"ಆ ಮಾತು ಒಂದ್ಸಲ ಹೇಳಿ ಇವಾಕಿರಿಯವರೇ," ಎಂದ ಒಬ್ಬ. "ನಾವು ಕೇಳಿಸ್ಕೊಳ್ಳೇ ಇಲ್ಲ."

"ಚಿಲಕ ಗಟ್ಟಿಯಿದೆಯಾ, ಅಂತ," ಎಂದು ತೊಮಿಯಾಸು ದನಿ ತಗ್ಗಿಸಿ ಆಡಿ ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತೊಮಿಯಾಸುವಿನ ತುಟಿಯ ಮೇಲೆ ಕೋಳಿಯ ಜಿಡ್ಡು ಹೊಳೆಯುತ್ತಿತ್ತು. ಶೋಗೊ ಕಲ್ಲಂಗಡಿಯನ್ನು ತಟ್ಟೆಗೆ ವಾಪಸ್ಸಿಟ್ಟ. ನೊಬುಯೆ ನಗಲಿಲ್ಲ. ಅವಳಿಗೆ ಆ ಮಾತು ಈಗ ಕೇಳಿಸಿಬಿಟ್ಟಿತ್ತು.

ಹಿರೊವತಾರಿ ಅವನ ಪಕ್ಕಕ್ಕೆ ಸರಿದು ಕೂತಳು. "ಇನ್ನೊಂದು ಚಿಕ್ಕ ವಿಷಯ. ಎರಡನೇ ಮಹಡೀಲಿ ಆ ವಿಯೆಟ್ನಾಮಿನ ಮೂರು ಹುಡುಗೀರು ಇದ್ದಾರಲ್ಲ, ಮೀನಿನ ಕಾರ್ಖಾನೆಯೋರು. ಅದೇನು ಮಸಾಲೆಯೋ, ಘಮಘಮ ಅಂತೆ ಅವರಿಗೆ, ನಮಗೆ ತಲೆನೋವು. ಫೋನಲ್ಲಿ ಬೇರೆ ಕಿರುಚ್ತಾರೆ. ನೀವೊಂದು ಸಲ ಕ್ಷೇಮ ವಿಚಾರಿಸಿ ಬಂದ್ರೆ..."

ಅವಳು ಕಣ್ಣು ಮಿಟುಕಿಸಿದಳು. ಶೋಗೊ ಅವಳ ಮುಖವನ್ನು ಹತ್ತಿರದಿಂದ ನೋಡಿದ. ಬೆವರಿಗೆ ಪೌಡರು ಕರಗಿ ಮೂಗಿನ ಪಕ್ಕ ಗೆರೆಗಳಾಗಿದ್ದವು. ಗ್ಯಾಂಗಿನ ಹಳೇ ಯಜಮಾನನ ಮುಖದಲ್ಲೂ ಅವನು ಕಂಡಿದ್ದ ಅದೇ ಹಿಗ್ಗು ಅಲ್ಲಿತ್ತು: ಕೆಸರು ಮುಟ್ಟದೆ ಮೀನು ಸಿಕ್ಕವರ ಹಿಗ್ಗು.

ಅವನು ಎದ್ದ. ಕಾಗದದ ಒಂದು ಲೋಟಕ್ಕೆ ಅಕ್ಕಿಯ ಮದ್ಯ ಸಾಕೆಯನ್ನು ಬಗ್ಗಿಸಿಕೊಂಡ. ಎಲ್ಲರೂ ನೋಡುತ್ತಿದ್ದ ಹಾಗೆ ಹುಲ್ಲಿನ ಮೇಲೆ, ಹಿರೊವತಾರಿಯ ಎದುರು ಮಂಡಿಯೂರಿ, ಬೆನ್ನು ನೆಟ್ಟಗೆ ಮಾಡಿ, ಲೋಟವನ್ನು ಎರಡೂ ಕೈಯಲ್ಲಿ ಚಾಚಿದ.

"ತಾಯೀ, ಇದರಲ್ಲಿ ಅರ್ಧ ನೀವು ಕುಡೀಬೇಕು. ಉಳಿದದ್ದು ನನಗೆ ಕೊಡ್ಬೇಕು."

"ಇದೇನಿದು, ಇವಾಕಿರಿಯವರೇ, ತಮಾಷೆ..."

"ತಮಾಷೆ ಅಲ್ಲ. ನಮ್ಮಲ್ಲಿ ಹೀಗೇ. ಕೆಲಸ ಹೇಳೋರು ಯಜಮಾನರು, ಮಾಡೋನು ಆಳು. ಲೋಟ ಹಂಚಿಕೊಳ್ಳದೆ ಎರಡನೇ ಕೆಲಸ ಮಾಡೋ ಪದ್ಧತಿ ಇಲ್ಲ. ಕುಡೀರಿ. ಆಮೇಲೆ ಎರಡನೇ ಮಹಡಿ ಏನು, ನೀವು ಬೊಟ್ಟು ಮಾಡಿದ ಯಾರ ಬಾಗಿಲಿಗಾದ್ರೂ ಹೋಗ್ತೀನಿ. ಆದ್ರೆ ಪೊಲೀಸು ಬಂದಾಗ ಮೊದಲು ನಿಮ್ಮ ಹೆಸರು. ಎರಡನೇದು ಮುಖ್ಯೋಪಾಧ್ಯಾಯರದ್ದು."

ಕೆಂಡದ ಮೇಲೆ ಕೊಬ್ಬು ತೊಟ್ಟಿಕ್ಕಿ ಚುರ್ ಎಂದಿತು. ತೊಮಿಯಾಸು ಕೈಯಲ್ಲಿದ್ದ, ಕೋಳಿ ಸಿಕ್ಕಿಸಿದ ಕಡ್ಡಿಯನ್ನು ಮೆಲ್ಲಗೆ ತಟ್ಟೆಗಿಟ್ಟು, ಬಾಯಿ ಒರೆಸಿಕೊಂಡ. ಹಿರೊವತಾರಿಯ ಬಣ್ಣ ಪೌಡರಿಗಿಂತ ಬಿಳಿಯಾಯಿತು.

"ಎಂಥ ಹೊಲಸು ಮಾತು," ಎಂದಳು ಕೊನೆಗೆ. "ನಿಮ್ಮಂಥೋರನ್ನ ನಾವು ಮನುಷ್ಯರು ಅಂತ ಕರೆದ್ವಲ್ಲ."

"ಅದನ್ನೇ ನಾನೂ ಯೋಚಿಸ್ತಿದ್ದೆ," ಎಂದ ಶೋಗೊ. ಲೋಟದಲ್ಲಿದ್ದುದನ್ನು ಹುಲ್ಲಿಗೆ ಸುರಿದ.

ನೊಬುಯೆ ಎದ್ದು ಬಂದು, ಅವನ ಮೊಣಕೈ ಹಿಡಿದು ಎಬ್ಬಿಸಿದಳು. "ನಡೀರಿ. ಬಟ್ಟೆ ಒಣಗಿರ್ತವೆ."

ಇಬ್ಬರೂ ಮೂರನೇ ಮಹಡಿಗೆ ಹತ್ತಿದರು. ಬಾಗಿಲ ಬೀಗ ತೆಗೆಯುತ್ತ ಹೇಳಿದಳು, "ಅರ್ಜಿ ಹಾಕ್ತಾಳೆ ಅವಳು."

"ಹಾಕ್ತಾಳೆ."

"ಹಾಕ್ಲಿ. ಡಿಪೋದಿಂದ ದೂರ ಆದ್ರೆ ಬೇಗ ಏಳ್ತೀನಿ, ಅಷ್ಟೇ." ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಚ್ಚಲಿನ ಬಾಗಿಲು ಮುಚ್ಚಿತು. ಅವನು ಕಿವಿಗೊಟ್ಟು ನಿಂತ. ಚಿಲಕದ ಸದ್ದು ಬಂತು. ಬಂದು, ಒಂದು ಗಳಿಗೆ ಕಳೆದು, ಮತ್ತೆ ತೆಗೆದ ಸದ್ದೂ ಬಂತು.

ಮಾರನೇ ಬೆಳಿಗ್ಗೆ ಅವನು ಬಾಗಿಲು ತೆರೆದಾಗ ಹೊಸ್ತಿಲ ಹೊರಗೆ ಬಂಗುಡೆ ಮೀನಿನ ಒಂದು ಡಬ್ಬಿ ಇತ್ತು. ಅಂಗಡಿಯಲ್ಲಿ ಜೋಡಿಸಿಟ್ಟ ಹಾಗೆ ಚೀಟಿ ಮುಂದಕ್ಕೆ ಮಾಡಿ ಇಟ್ಟಿದ್ದರು. ಇಂಥವನ್ನು ನೂರಾನಾಲ್ಕರ ಕಪಾಟಿನಲ್ಲಿ ಕಂಡಿದ್ದ; ಯಾರದೆಂದು ಅವನಿಗೆ ತಿಳಿಯಿತು. ಕೆಳಗೆ ಹೋಗಿ, ನೂರಾನಾಲ್ಕರ ಬಾಗಿಲ ಬಳಿ ಅದನ್ನಿಟ್ಟು, ಬೇಡ ಅಜ್ಜಿ ಎಂದು ಹೇಳಿ ಬಂದ.

ಮಂಗಳವಾರ ಎರಡು ಡಬ್ಬಿಗಳಿದ್ದವು. ಅವನ್ನೂ ಕೆಳಗಿಟ್ಟು ಬಂದ.

ಬುಧವಾರ ಮೂರು. ಮೇಲಿನದರ ತಲೆಯ ಮೇಲೆ ಕ್ಯಾಲೆಂಡರಿನ ಹಾಳೆಯ ಚೂರೊಂದು. ಹಳೇ ಕಾಲದವರ ಓರೆಯಾದ, ಚಂದದ ಅಕ್ಷರ. 'ಸಾಲದಿದ್ದರೆ ದಯಮಾಡಿ ಹೇಳಿ ಕಳಿಸಿ.'

ಅವನು ಮೂರನ್ನೂ ಒಳಗೆ ತಂದ. ನೊಬುಯೆ ಕೆಲಸಕ್ಕೆ ಹೋಗಿಯಾಗಿತ್ತು. ಒಂದು ಡಬ್ಬಿಯ ಮುಚ್ಚಳ ಎಳೆದ. ಅಂಚಿನ ತುಕ್ಕನ್ನು ಯಾರೋ ಉಜ್ಜಿ ಉಜ್ಜಿ ತೆಗೆದಿದ್ದರು. ತಳದಲ್ಲಿ ಹೊಡೆದ ತಾರೀಖು ಮುಗಿದು ಐದು ವರ್ಷವಾಗಿತ್ತು. ಬೂದು ಬಣ್ಣಕ್ಕೆ ತಿರುಗಿದ ಮೀನು, ಮೇಲೆ ಹೆಪ್ಪುಗಟ್ಟಿದ ಎಣ್ಣೆ. ಸಿಂಕಿನ ಮುಂದೆ ನಿಂತುಕೊಂಡೇ ಅವನು ಅದನ್ನು ಊಟದ ಕಡ್ಡಿಗಳಿಂದ ಎತ್ತಿ ತಿಂದ. ನೀರು ಕುಡಿದು ಮತ್ತೆ ತಿಂದ. ಮುಳ್ಳು, ಎಣ್ಣೆ, ಏನೂ ಉಳಿಸಲಿಲ್ಲ.

ಕಿಟಕಿಯ ಕೆಳಗೆ ಪೊರಕೆಯ ಸದ್ದು ಕೇಳುತ್ತಿತ್ತು. ಉರಾನಿಶಿ ಅಜ್ಜಿ ತನ್ನ ಬಾಗಿಲ ಮುಂದಿನ ಸಿಮೆಂಟು ಗುಡಿಸುತ್ತಿದ್ದಳು. ಅಲ್ಲಿ ಕಸವಿರಲಿಲ್ಲ, ಒಂದು ಎಲೆಯೂ ಇರಲಿಲ್ಲ. ಗೋಡೆಯಿಂದ ಚರಂಡಿಯವರೆಗೆ ಗುಡಿಸಿ, ತಿರುಗಿ, ಮತ್ತೆ ಗೋಡೆಯಿಂದ ಶುರು ಮಾಡಿದಳು.